ಚಿಕೋರಿ ಇಲ್ಲದ ಒಂದು ಲೋಟ

ಮಾವ,

ನೀವಿದ್ದಾಗ ನಿಮ್ಮೆದುರು ನಿಂತು ಇಷ್ಟು ಮಾತು ನಾನು ಯಾವತ್ತೂ ಆಡಿದವಳಲ್ಲ. ‘ಹೂಂ’, ‘ಬೇಡ’, ‘ಸಾಕು’, ಇಷ್ಟರಲ್ಲೇ ನನ್ನ ಮಾತು ಮುಗಿಯುತ್ತಿತ್ತು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಬರೆಯುವುದೂ ನಿಧಾನ. ಆದರೆ ಇವತ್ತು ಡಾಕ್ಟರಮ್ಮನ ಹತ್ತಿರ ಹೋಗಿ ಬಂದ ಮೇಲೆ ಸುಮ್ಮನೆ ಕೂರಲು ಆಗುತ್ತಿಲ್ಲ. ಹೊಟ್ಟೆಯಲ್ಲಿರುವುದಕ್ಕೆ ಈಗ ಎಂಟು ತುಂಬುತ್ತಿದೆ. ನೀವು ಹೋದಾಗ ಅದಿನ್ನೂ ಸರಿಯಾಗಿ ಒದೆಯಲೂ ಕಲಿತಿರಲಿಲ್ಲ.

ಮದುವೆಯಾಗಿ ಕತ್ರಿಗುಪ್ಪೆಯ ಮನೆಗೆ ಬಂದ ಮಾರನೆಯ ಬೆಳಗ್ಗೆ ನಿಮಗೆ ನೆನಪಿದೆಯಾ? ನಾನು ಎದ್ದು ತಲೆ ಬಾಚಿಕೊಂಡು ಅಡುಗೆಮನೆಗೆ ಬಂದರೆ ಅಲ್ಲಿ ನೀವು ನಿಂತಿದ್ದಿರಿ, ಹೆಗಲ ಮೇಲೆ ಟವೆಲ್, ಒಲೆಯ ಮೇಲೆ ಹಾಲು. ಅತ್ತೆ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಜಯನಗರದ ಹೋಟೆಲಿನಲ್ಲಿ ವರ್ಷಗಟ್ಟಲೆ ಕಾಫಿ ಮಾಡಿ ರಿಟೈರ್ ಆದ ನೀವು ಮನೆಯ ಕಾಫಿಯನ್ನು ಬೇರೆ ಯಾರ ಕೈಗೂ ಬಿಡುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಂಜನಾಪುರದ ನಮ್ಮ ಮನೆಯಲ್ಲಿ ಕಾಫಿ ಎಂದರೆ ಬೆಲ್ಲದ ನೀರಿಗೆ ಒಂದು ಚಿಟಿಕೆ ಪುಡಿ, ಅಷ್ಟೇ. ನೀವು ಎತ್ತರದಿಂದ ಸುರಿದು, ನೊರೆ ಎಬ್ಬಿಸಿ, ಲೋಟ ಕೈಗಿಟ್ಟು ‘ಹೆಂಗಿದೆ?’ ಅಂದಿರಿ. ನನಗೆ ಬಾಯೇ ಬರಲಿಲ್ಲ. ‘ಹೋಟ್ಲಲ್ಲಿ ಚೆನ್ನಾಗಿದೆ ಅಂತ ಯಾರೂ ಬಾಯಲ್ಲಿ ಹೇಳಲ್ಲಮ್ಮ. ಇನ್ನೊಂದು ಕೇಳ್ತಾರೆ, ಅಷ್ಟೇ’ ಅಂದಿರಿ. ನಾಚಿಕೆಗೆ ಏನು ಮಾಡಬೇಕೋ ತಿಳಿಯದೆ ಖಾಲಿ ಲೋಟ ಮುಂದೆ ಚಾಚಿದೆ. ನೀವು ಎಷ್ಟು ನಕ್ಕಿರಿ! ಅವತ್ತಿನಿಂದ ನನಗೆ ಬೆಳಗ್ಗೆ ಎರಡು ಲೋಟ ಎಂದಾಯಿತು. ಹತ್ತು ಗಂಟೆಗೆ ಒಂದು, ಮಧ್ಯಾಹ್ನ ಎದ್ದ ಮೇಲೆ ಒಂದು, ನಿಮ್ಮ ಮಗ ಬಂದಾಗ ಅವರ ಜೊತೆಗೆ ಇನ್ನೊಂದು. ನಮ್ಮಿಬ್ಬರ ನಡುವೆ ಇದ್ದ ಮಾತು ಅದೊಂದೇ. ನೀವು ಕೊಡುತ್ತಿದ್ದಿರಿ, ನಾನು ಕುಡಿಯುತ್ತಿದ್ದೆ.

ಮೊದಲನೆಯದು ಹೋದ ದಿನ ನರ್ಸಿಂಗ್ ಹೋಮಿನಿಂದ ಆಟೋದಲ್ಲಿ ಬಂದು ಇಳಿದಾಗ ನೀವು ಗೇಟಿನ ಹತ್ತಿರವೇ ಇದ್ದಿರಿ. ನಾನು ಬಸುರಿಯಾಗಿದ್ದೆ ಎನ್ನುವುದು ನಿಮಗೆ ತಿಳಿದದ್ದೇ ಅವತ್ತು, ಇನ್ನಿಲ್ಲ ಎನ್ನುವುದೂ ಅವತ್ತೇ. ಅತ್ತೆ ಇದ್ದಿದ್ದರೆ ಹೇಳುತ್ತಿದ್ದೆ. ಮಾವನಿಗೆ ಹೋಗಿ ಇಂಥದ್ದನ್ನು ಹೇಳುವುದು ಹೇಗೆ? ಸ್ವಲ್ಪ ಹೊತ್ತಾದ ಮೇಲೆ ರೂಮಿನ ಹೊಸ್ತಿಲ ಒಳಗೆ ಒಂದು ಲೋಟ ಕಾಫಿ ಇಟ್ಟು, ಮೇಲೆ ತಟ್ಟೆ ಮುಚ್ಚಿ ಹೋದಿರಿ.

ಅದಾದ ವಾರದಲ್ಲೇ ಇರಬೇಕು, ಮೇಲಿನ ಮನೆಯ ಸರೋಜಕ್ಕ ನನ್ನನ್ನು ನೋಡಲು ಬಂದದ್ದು. ಮನೆ ಓನರ್ ಹೆಂಡತಿ, ಅವರ ದನಿ ಮೊದಲೇ ದೊಡ್ಡದು. ‘ಅಲ್ವೇ ಭಾಗ್ಯ, ಕಾಫಿ ಅಂದ್ರೆ ಉಷ್ಣ. ನಿಮ್ಮ ಮಾವ ಹೋಟ್ಲು ಗಿರಾಕಿಗೆ ಕೊಟ್ಟಂಗೆ ನಿಂಗೂ ಕೊಡ್ತಾನೇ ಇದ್ರೆ ಹೊಟ್ಟೇಲಿ ಏನು ನಿಲ್ಲುತ್ತೆ?’ ಅಂದರು. ಹೊರಗೆ ನೀವು ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದಿರಿ. ಮಗ್ಗಿನ ನೀರಿಗೆ ರೇಜರ್ ಅದ್ದುವ ಸದ್ದು ನಿಂತುಹೋಯಿತು. ಆಮೇಲೆ ನೀವು ಅರ್ಧ ಗಡ್ಡದಲ್ಲೇ ಗೇಟು ದಾಟಿ ಹೋದಿರಿ.

ಎರಡನೇ ಸಲ ನಿಂತಾಗ ನಾವು ಹೋದದ್ದು ಜಯನಗರದ ಡಾಕ್ಟರಮ್ಮನ ಹತ್ತಿರ, ಮೊದಲನೆಯದನ್ನು ನೋಡಿದ್ದವರೂ ಅವರೇ. ‘ಕಾಫಿ, ಟೀ ಎಷ್ಟು ಸಲ?’ ಅಂದರು. ‘ಎರಡು’ ಅಂದೆ, ನೆಲ ನೋಡಿಕೊಂಡು. ಪಕ್ಕದಲ್ಲಿದ್ದ ನಿಮ್ಮ ಮಗ ಸುಮ್ಮನಿರಬಾರದೇ? ‘ಬೆಳಗ್ಗೆ ಎರಡು ಡಾಕ್ಟ್ರೇ. ಆಮೇಲಿಂದು ನಾವು ಲೆಕ್ಕ ಇಟ್ಟಿಲ್ಲ’ ಅಂದುಬಿಟ್ಟರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ‘ಕಾಫೀಲಿ ಕೆಫೀನ್ ಅಂತ ಇರುತ್ತೆ ಕಣಮ್ಮ. ಬಸುರಿಲಿ ಅದು ಜಾಸ್ತಿ ಆಗಬಾರದು. ಪೂರ್ತಿ ಬಿಡು ಅಂತ ನಾನು ಹೇಳ್ತಿಲ್ಲ. ಒಂದೇ ಸಲ ಬಿಟ್ರೆ ತಲೆನೋವು ಬರುತ್ತೆ. ನಿಧಾನಕ್ಕೆ ಇಳಿಸ್ಕೊಂಡು ಬಂದು ದಿನಕ್ಕೆ ಒಂದು ಸಣ್ಣ ಲೋಟಕ್ಕೆ ನಿಲ್ಸು.’ ಹೊರಗೆ ಬಂದ ಮೇಲೆ ನಿಮ್ಮ ಮಗನಿಗೆ ‘ಮಾವನಿಗೆ ನೀವೇ ಹೇಳಿ’ ಎಂದು ಬೇಡಿಕೊಂಡೆ. ‘ನಾನಾ? ಅಪ್ಪನ ಕಾಫಿ ಬೇಡ ಅಂದ್ರೆ ಅಪ್ಪನ್ನೇ ಬೇಡ ಅಂದಂಗೆ. ನೀನೇ ಹೇಳ್ಕೋ’ ಅಂದರು.

ಆ ದಿನಗಳಲ್ಲಿ ನೀವು ಲೋಟ ಹಿಡಿದು ಬರುವ ಚಪ್ಪಲಿ ಸದ್ದಿಗೇ ನಾನು ಬಟ್ಟೆ ಬಕೆಟ್ ಎತ್ತಿಕೊಳ್ಳುತ್ತಿದ್ದೆ. ಬೇಡ ಎನ್ನಲು ಬಾಯಿಲ್ಲ. ಕುಡಿಯಲು ಧೈರ್ಯವಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಲ್ಲಿ ತಿರುಗಿಸಿ, ಅರ್ಧ ಲೋಟ ಅಲ್ಲಿ ಚೆಲ್ಲಿ, ವಾಸನೆ ಹೋಗುವ ತನಕ ನೀರು ಬಿಡುತ್ತಿದ್ದೆ. ಸಂಜೆಯಾದರೆ ತಲೆ ಸಿಡಿಯುತ್ತಿತ್ತು, ಕುಡಿಯದ ಕಾಫಿಗೆ. ಒಂದು ದಿನ ಹಿಂದೆ ತಿರುಗಿದರೆ ನೀವು ನಿಂತಿದ್ದೀರಿ. ಕಲ್ಲಿನ ಮೇಲೆ ಕಂದು ನೀರು ಇನ್ನೂ ಹರಿಯುತ್ತಿತ್ತು. ‘ಹಾಲು ಒಡೆದಿತ್ತೇನಮ್ಮ?’ ಅಂದಿರಿ. ತಲೆ ಆಡಿಸಿದೆ. ‘ಪುಡಿ ಹಳೇದಾಯ್ತಾ?’ ಅದಕ್ಕೂ ಅಲ್ಲ ಎಂದೇ ತಲೆ ಆಡಿಸಿದೆ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಲೋಟ ವಾಪಸ್ ಕಳಿಸಿರಲಿಲ್ಲ ನಿಮಗೆ, ಅಲ್ವಾ? ನಿಮ್ಮ ಮುಖ ಹಾಗಿತ್ತು.

ಅವತ್ತು ರಾತ್ರಿ ಊಟದ ಮಧ್ಯೆ ನಿಮ್ಮ ಮಗ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ‘ಅಪ್ಪ, ಅವಳಿಗೆ ಮತ್ತೆ ಆಗಿದೆ. ಡಾಕ್ಟ್ರು ಕಾಫಿ ಒಂದೇ ಲೋಟ ಅಂದಿದಾರೆ’ ಎಂದವರೇ ನನ್ನ ಕಡೆ ತಿರುಗಿ, ‘ಇನ್ನೊಂಚೂರು ಸಾರು ಹಾಕು’ ಅಂದರು. ನಾನು ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದೆ. ನೀವು ತಟ್ಟೆಯಿಂದ ತಲೆ ಎತ್ತಲಿಲ್ಲ. ‘ಒಳ್ಳೇದಾಗ್ಲಿ’ ಅಂದಿರಿ. ಅಷ್ಟೇ.

ಮಾರನೆಯ ದಿನ ನೀವು ಬಸ್ ಹತ್ತಿ ಜಯನಗರಕ್ಕೆ ಹೋಗಿ, ಪುಡಿ ಅಂಗಡಿಯಲ್ಲಿ ಎದುರಿಗೇ ನಿಂತು ಬೀಜ ಹುರಿಸಿ ಬೀಸಿಸಿಕೊಂಡು ಬಂದಿರಿ. ಪೊಟ್ಟಣ ಇನ್ನೂ ಬಿಸಿಯಾಗಿತ್ತು. ನನ್ನ ಜೊತೆ ನೀವು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ‘ನೋಡಮ್ಮ, ಇದ್ರಲ್ಲಿ ಚಿಕೋರಿ ಸೊನ್ನೆ. ಚಿಕೋರಿ ಅಂದ್ರೆ ಯಾವ್ದೋ ಗಿಡದ ಬೇರು. ಹೋಟ್ಲಲ್ಲಿ ಕಾಫಿ ಗಟ್ಟಿ ಕಾಣ್ಲಿ ಅಂತ ಬೆರೆಸ್ತೀವಿ. ಬಸುರಿ ಹೊಟ್ಟೆಗೆ ಆ ಕಸ ಯಾಕೆ? ದಿನಕ್ಕೆ ಒಂದೇ ಲೋಟ ತಾನೇ? ಆ ಒಂದು ಲೋಟ ಅಸಲಿ ಇರ್ಲಿ.’ ಚಿಕೋರಿ ಇಲ್ಲದ ಡಿಕಾಕ್ಷನ್ ತೆಳ್ಳಗೆ ಇಳಿಯುತ್ತದೆ ಎಂದು ಪುಡಿಯನ್ನು ಇನ್ನೂ ಜಾಸ್ತಿ ಹಾಕಿದಿರಿ. ಮೊದಲ ಡಿಕಾಕ್ಷನ್ ಪೂರ್ತಿ ನನಗೆ. ಎರಡನೇ ಸಲ ನೀರು ಹಾಕಿ ಇಳಿಸಿದ ಸಪ್ಪೆಯದನ್ನು ನೀವಿಬ್ಬರೂ ಕುಡಿದಿರಿ. ನನಗೆ ಎಷ್ಟು ನಿರಾಳವಾಯಿತು ಗೊತ್ತಾ! ಒಂದೇ ಲೋಟ. ಡಾಕ್ಟರಮ್ಮ ಹೇಳಿದ ಹಾಗೆಯೇ. ಚೆಲ್ಲಬೇಕಾಗಿಲ್ಲ, ಸುಳ್ಳು ಹೇಳಬೇಕಾಗಿಲ್ಲ.

ಎದೆ ಹೊಡೆದುಕೊಳ್ಳುವುದು ಶುರುವಾದದ್ದು ಅದಾದ ಮೇಲೆ. ಕಾಫಿ ಕುಡಿದು ಪಾತ್ರೆ ತೊಳೆಯಲು ಕೂತರೆ ಕೈಯಲ್ಲಿನ ತಟ್ಟೆ ನಡುಗುತ್ತಿತ್ತು. ಮಧ್ಯಾಹ್ನ ಮಲಗಿದರೆ ಕಿವಿಯೊಳಗೆ ಡವಡವ. ಹಿಂದಿನ ಸಲ ಹೋದದ್ದು ಮೂರನೇ ತಿಂಗಳಲ್ಲಿ. ಅದು ಮತ್ತೆ ಹತ್ತಿರ ಬರುತ್ತಿತ್ತು. ಬಚ್ಚಲಮನೆಗೆ ಹೋಗಲೂ ಹೆದರಿಕೆ, ಏನು ಕಾಣುತ್ತದೋ ಎಂದು. ಯಾರಿಗೆ ಹೇಳಲಿ? ನಿಮ್ಮ ಮಗನಿಗೆ ಹೇಳಿದರೆ ‘ಹೆದರ್ಕೊಂಡಿದೀಯ, ಅದಕ್ಕೇ’ ಅಂದರು. ಹೆದರಿಕೆಯೇನೋ ನಿಜ. ಆದರೆ ಹೆದರಿಕೆ ಕಾಫಿ ಕುಡಿದ ತಕ್ಷಣವೇ ಬರುತ್ತದೆಯೇ?

ಮುಂದಿನ ಸಲ ಡಾಕ್ಟರಮ್ಮನ ಹತ್ತಿರ ನನ್ನ ಜೊತೆ ಬಂದವರು ನೀವು, ನಿಮ್ಮ ಮಗನಿಗೆ ರಜ ಸಿಗದೆ. ಬಿಳಿ ಷರ್ಟಿಗೆ ಇಸ್ತ್ರಿ ಹಾಕಿಸಿಕೊಂಡಿದ್ದಿರಿ. ಡಾಕ್ಟರಮ್ಮ ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು. ‘ಕಾಫಿ ಎಷ್ಟಮ್ಮ?’ ‘ಒಂದೇ.’ ‘ನಿಜ ಹೇಳು.’ ನನ್ನ ಕಣ್ಣಲ್ಲಿ ನೀರು ಬಂತು. ಆಗ ಬಾಗಿಲ ಹತ್ತಿರ ನಿಂತಿದ್ದ ನೀವು ಎರಡು ಹೆಜ್ಜೆ ಮುಂದೆ ಬಂದಿರಿ. ‘ಒಂದೇ ಡಾಕ್ಟ್ರೇ. ನಾನೇ ಮಾಡಿ ಕೊಡ್ತೀನಿ. ಪ್ಯೂರ್. ಚಿಕೋರಿ ಒಂದು ಚಿಟಿಕೆ ಇಲ್ಲ. ಫಸ್ಟ್ ಡಿಕಾಕ್ಷನ್.’ ಎಷ್ಟು ಹೆಮ್ಮೆಯಿಂದ ಹೇಳಿದಿರಿ ಮಾವ! ‘ಒಂದು ಲೋಟಕ್ಕೆ ಎಷ್ಟು ಡಿಕಾಕ್ಷನ್ ಹಾಕ್ತೀರ ಯಜಮಾನ್ರೆ?’ ನೀವು ಬೆರಳಲ್ಲಿ ತೋರಿಸಿದಿರಿ. ಡಾಕ್ಟರಮ್ಮನಿಗೆ ಮೊದಲು ನಗು ಬಂತು, ಆಮೇಲೆ ನಿಮ್ಮ ಮುಖ ನೋಡಿ ನಗು ನಿಲ್ಲಿಸಿದರು. ‘ಎದೆ ಬಡಿಸೋದು ಕಾಫಿ ಬೀಜ ಯಜಮಾನ್ರೆ. ಚಿಕೋರಿಲಿ ಕೆಫೀನ್ ಇರಲ್ಲ. ನೀವು ತೆಗೆದಿದ್ದು ಅದನ್ನ, ಜಾಸ್ತಿ ಮಾಡಿದ್ದು ಇದನ್ನ. ಇದು ಒಂದು ಲೋಟ ಅಲ್ಲ, ಮೂರು ಲೋಟದ್ದನ್ನ ಒಂದರಲ್ಲಿ ಕೊಟ್ಟಿದೀರ.’ ಗಾಬರಿಯಾಗುವಂಥದ್ದು ಏನಿಲ್ಲ, ಇವತ್ತಿನಿಂದ ಸರಿಮಾಡಿ ಎಂದೂ ಹೇಳಿದರು. ಅದು ನಿಮಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ನಾವಿಬ್ಬರೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದೆವು. ನಾವು ಹತ್ತಬೇಕಾದ ಬನಶಂಕರಿ ಕಡೆಯ ಬಸ್ಸುಗಳು ಬಂದವು, ಹೋದವು. ನೀವು ಏಳಲಿಲ್ಲ. ರಸ್ತೆ ನೋಡಿಕೊಂಡೇ ಕೇಳಿದಿರಿ. ‘ಹಂಗಾದ್ರೆ ಆ ಮೊದಲ್ನೇದು... ದಿನಾ ಅಷ್ಟಷ್ಟು ಕೊಟ್ಟೆನಲ್ಲಮ್ಮ. ನಾನೇನಾ?’ ನನಗೆ ಏನು ಹೇಳಲು ಗೊತ್ತಿತ್ತು? ಅಲ್ಲ ಎನ್ನಲು ನಾನು ಡಾಕ್ಟರಲ್ಲ. ಹೌದು ಎಂದು ನಾಲಿಗೆ ಹೊರಳುವುದಿಲ್ಲ. ತಲೆ ಆಡಿಸಿದೆ, ಅಲ್ಲ ಅಲ್ಲ ಎಂದು. ಆದರೆ ನೀವು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಆಮೇಲೆ ಬಸ್ ಬಂತು. ಹೆಂಗಸರ ಕಡೆ ನಾನು ಹತ್ತಿದೆ, ಹಿಂದಿನಿಂದ ನೀವು.

ಆ ಸಂಜೆಯೇ ಫಿಲ್ಟರನ್ನು ತೊಳೆದು ಒರೆಸಿ ಅಟ್ಟದ ಮೇಲೆ ಹಾಕಿದಿರಿ. ನನಗೆ ಮಾತ್ರ ಅಲ್ಲ, ಮನೆಗೇ ಕಾಫಿ ಇಲ್ಲ. ನಿಮ್ಮ ಮಗ ‘ಅವಳಿಗೆ ಬೇಡ ಅಂದ್ರೆ ನಾವ್ಯಾಕಪ್ಪ ಉಪವಾಸ?’ ಅಂದರೆ, ‘ವಾಸನೆ ಬಂದ್ರೆ ಅವಳಿಗೆ ಆಸೆ ಆಗುತ್ತೆ’ ಅಂದಿರಿ. ನಿಮಗೆ ತಲೆನೋವು ಎಂಥದ್ದು ಬಂತು! ತಲೆಗೆ ಟವೆಲ್ ಬಿಗಿದುಕೊಂಡು ಓಡಾಡಿದಿರಿ. ಹಾಲಿನವನ ಮೇಲೆ, ಪೇಪರಿನವನ ಮೇಲೆ, ಬೀದಿಯ ನಾಯಿಯ ಮೇಲೆ ರೇಗಿದಿರಿ. ಸರೋಜಕ್ಕ ಮಹಡಿಯಿಂದ ಬಗ್ಗಿ ‘ಏನ್ ಯಜಮಾನ್ರೆ, ಯಾವ್ ವ್ರತ? ಹೆರೋದು ಅವಳೋ ನೀವೋ?’ ಎಂದು ಕೂಗಿದರು. ಬೆಳಗ್ಗೆ ನನಗೆ ರಾಗಿ ಮಾಲ್ಟ್ ಮಾಡಿ, ಕಾಫಿಯ ಹಾಗೆಯೇ ಎತ್ತರದಿಂದ ಸುರಿದು, ‘ಒಂದ್ ಮಾಲ್ಟ್, ಸ್ಟ್ರಾಂಗ್!’ ಎಂದು ಹೋಟೆಲಿನ ದನಿಯಲ್ಲಿ ಕೂಗುತ್ತಿದ್ದಿರಿ. ನಾನು ಒಳಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಆದರೆ ಲೋಟ ಕೊಡುವಾಗ ನೀವು ನನ್ನ ಮುಖ ಹುಡುಕುತ್ತಿದ್ದಿರಿ. ‘ಎಲ್ಲಾ ಸರಿ ಇದೆಯೇನಮ್ಮ?’ ಪ್ರತಿ ಬೆಳಗ್ಗೆ ಅದೇ ಮಾತು. ನಾನು ಹೂಂ ಎನ್ನುವ ತನಕ ಲೋಟ ಬಿಡುತ್ತಿರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಸೀರೆಯ ಮೇಲೆ ಒಂದು ಹನಿ ಕೆಂಪು ಕಂಡಾಗ ನಾನು ಕೂಗಿದ್ದು ನಿಮ್ಮನ್ನೇ. ‘ಮಾವ!’ ಎಂದು. ನನ್ನ ದನಿ ಅಷ್ಟು ಜೋರಿದೆ ಎಂದು ನನಗೇ ಗೊತ್ತಿರಲಿಲ್ಲ. ನೀವು ಬರಿಗಾಲಲ್ಲಿ ಓಡಿ ಆಟೋ ತಂದಿರಿ. ಡಾಕ್ಟರಮ್ಮ ನೋಡಿ, ಮಗುವಿಗೆ ಏನೂ ಆಗಿಲ್ಲ, ಮಲಗಿ ರೆಸ್ಟ್ ತಗೋ ಅಂದರು. ಪರದೆಯ ಆಚೆ ನೀವು ನರ್ಸಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ‘ನಾನು ಮನೇಲಿ ಕಾಫಿ ಪೂರ್ತಿ ನಿಲ್ಲಿಸಿದೀನಿ ಸಿಸ್ಟರ್. ಒಂದು ಹನಿ ಕೊಟ್ಟಿಲ್ಲ. ಡಾಕ್ಟ್ರಿಗೆ ಸ್ವಲ್ಪ ಹೇಳಿ.’ ಯಾರೋ ಹಿಡಿದು ಕೇಳಿದ ಹಾಗೆ ಯಾಕೆ ಹೇಳುತ್ತಿದ್ದಿರಿ? ಆಗಲೇ ಡಾಕ್ಟರಮ್ಮನನ್ನು ಕೇಳಬೇಕೆಂದುಕೊಂಡೆ, ಮೊದಲನೆಯದು ಯಾಕೆ ಹೋಯಿತು ಎಂದು. ನಾಲಿಗೆಯ ತುದಿಯ ತನಕ ಬಂತು. ಕಾಫಿಯಿಂದಲೇ ಅಂದುಬಿಟ್ಟರೆ? ಪರದೆಯ ಆಚೆ ನೀವು ನಿಂತಿದ್ದಿರಿ. ಆ ಮಾತು ನಿಮ್ಮ ಕಿವಿಗೆ ಬಿದ್ದರೆ...

ನೀವು ಹೋದ ದಿನ ಮಧ್ಯಾಹ್ನ ಊಟ ಮಾಡಿ, ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತವರು ಹಾಗೇ ಒರಗಿದ್ದಿರಿ. ನಿದ್ದೆ ಎಂದುಕೊಂಡು ನಾನು ಫ್ಯಾನ್ ಹಾಕಿದೆ. ಪೇಪರ್ ಹಾರಿ ಕೆಳಗೆ ಬಿತ್ತು, ನೀವು ಎತ್ತಿಕೊಳ್ಳಲಿಲ್ಲ. ಹೃದಯ ನಿಂತಿದೆ ಎಂದರು. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ ಮಾವ.

ಹನ್ನೊಂದನೇ ದಿನ ನಿಮಗೆ ಎಡೆ ಇಡುವಾಗ ಬಸುರಿ ಹತ್ತಿರ ಬರಬಾರದೆಂದು ನನ್ನನ್ನು ರೂಮಿನಲ್ಲೇ ಕೂರಿಸಿದ್ದರು. ನಿಮಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ, ಕಾಫಿಯನ್ನೂ ಇಡಲು ಹೊರಟರು. ವಾಸನೆ ಬಂತು, ನಿಮ್ಮದಲ್ಲದ ವಾಸನೆ. ನಿಮ್ಮ ತಂಗಿ ರತ್ನಮ್ಮತ್ತೆ ಬಿಸಿನೀರಿಗೆ ಕಲಸುವ ಪುಡಿ ತಂದಿದ್ದರು. ನೀವು ಅದನ್ನು ಕಾಫಿ ಎಂದೇ ಒಪ್ಪುತ್ತಿರಲಿಲ್ಲ. ನನಗೆ ಏನಾಯಿತೋ, ಎದ್ದು ಹೊರಗೆ ಬಂದು ‘ಅದನ್ನ ಇಡಬೇಡಿ’ ಅಂದೆ. ಎಲ್ಲರೂ ತಿರುಗಿ ನೋಡಿದರು. ‘ಏನೇ, ಇವತ್ತು ಬಾಯಿ ಬಂತಾ ನಿಂಗೆ? ಫಿಲ್ಟ್ರನ್ನ ಅಟ್ಟಕ್ಕೆ ಎಸೆದಿದಾನೆ ನಮ್ಮಣ್ಣ, ಯಾರು ಹತ್ತಿ ಹುಡುಕ್ತಾರೆ? ಹೋಗು ಒಳಗೆ’ ಅಂದರು ರತ್ನಮ್ಮತ್ತೆ. ನಿಮ್ಮ ಮಗ ಮಾತಾಡದೆ ಸ್ಟೂಲು ಹಾಕಿ ಹತ್ತಿದರು. ಸರೋಜಕ್ಕ ಮೇಲಿನಿಂದ ಪುಡಿ ತಂದುಕೊಟ್ಟರು. ಅದರಲ್ಲಿ ಚಿಕೋರಿ ಇತ್ತು ಮಾವ, ಬೇರೆ ದಾರಿ ಇರಲಿಲ್ಲ. ಈ ಮನೆಯಲ್ಲಿ ಮೊದಲ ಸಲ ನಾನು ಕಾಫಿ ಮಾಡಿದೆ.

ಪೂಜೆ ಮುಗಿದ ಮೇಲೆ ಅದೇ ಲೋಟವನ್ನು ರತ್ನಮ್ಮತ್ತೆ ನನ್ನ ಮುಂದೆ ಹಿಡಿದರು. ‘ನೀನೇ ಮಾಡಿದೀಯಲ್ಲ, ಒಂದು ಗುಟುಕು ಕುಡಿ. ಅಣ್ಣನಿಗೆ ತೃಪ್ತಿಯಾಗುತ್ತೆ.’ ಒಂದು ಗುಟುಕಿನಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ತುಟಿಯ ಹತ್ತಿರ ತಂದರೆ ಬಸ್ ಸ್ಟಾಪಿನಲ್ಲಿ ಕೇಳಿದ ನಿಮ್ಮ ದನಿ. ಲೋಟ ಕೆಳಗಿಟ್ಟೆ. ‘ಸತ್ತವನ ಪ್ರಸಾದಾನೂ ಬೇಡ ಅಂತಾಳೆ’ ಎಂದು ಹಿಂದಿನಿಂದ ಯಾರೋ ಅಂದರು. ಅನ್ನಲಿ. ನೀವು ಕೇಳಿದ್ದಕ್ಕೆ ಉತ್ತರ ತಿಳಿಯದೆ ನಿಮ್ಮ ಹೆಸರಿನ ಕಾಫಿ ನನ್ನ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಇವತ್ತು ಬೆಳಗ್ಗೆ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಎದೆಬಡಿತ ಕೇಳಿ, ‘ಚೆನ್ನಾಗಿದೆ, ಹೋಗಿ ಬಾ’ ಅಂದರು. ನಾನು ಏಳಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು ಕೇಳಿದೆ. ಮೊದಲನೆಯದು ಕಾಫಿಯಿಂದ ಹೋಯಿತಾ ಎಂದು. ಅವರು ನನ್ನನ್ನೇ ನೋಡಿದರು. ‘ಯಾರು ಹೇಳಿದ್ದು ನಿಂಗೆ? ಆಗ ನಾನೇ ಸ್ಕ್ಯಾನ್ ನೋಡಿದ್ದೆ. ಬರೀ ಗರ್ಭದ ಚೀಲ ಇತ್ತು ಕಣಮ್ಮ, ಒಳಗೆ ಮಗು ಕೂಡ್ಕೊಂಡೇ ಇರ್ಲಿಲ್ಲ. ಶುರುವಿನಲ್ಲೇ ಹಂಗಾಗಿತ್ತು. ಎಷ್ಟೋ ಜನಕ್ಕೆ ಆಗುತ್ತೆ. ಅದು ನಿನ್ನಿಂದಾನೂ ಅಲ್ಲ, ಕಾಫಿಯಿಂದಾನೂ ಅಲ್ಲ. ಕಾಫಿ ಕಡಿಮೆ ಮಾಡು ಅಂದಿದ್ದು ಇದ್ರ ಜೋಪಾನಕ್ಕೆ.’ ಅಷ್ಟೇ ಮಾವ. ಹೊರಗೆ ಮುಂದಿನವರ ಹೆಸರು ಕೂಗುವಷ್ಟರಲ್ಲಿ ಹೇಳಿ ಮುಗಿಸಿದರು. ಇಷ್ಟು ಸಣ್ಣ ಮಾತು.

ಆಟೋದಲ್ಲಿ ನಿಮ್ಮ ಮಗನಿಗೆ ಹೇಳಿದೆ. ಅವರು ಕರ್ಚೀಫಿಗೆ ಕಣ್ಣು ಒರೆಸಿಕೊಂಡರು. ಆಮೇಲೆ ‘ಅಪ್ಪ ನನ್ನ ಹತ್ರಾನೂ ಕೇಳಿದ್ರು ಕಣೆ. ಹೋಗೋಕೆ ಸ್ವಲ್ಪ ದಿನ ಮುಂಚೆ’ ಅಂದರು. ‘ನೀವೇನಂದ್ರಿ?’ ‘ಗೊತ್ತಿಲ್ಲಪ್ಪ ಅಂದೆ. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ.’ ಆಟೋದವನು ಕನ್ನಡಿಯಲ್ಲಿ ನೋಡಿ ಮುಖ ತಿರುಗಿಸಿಕೊಂಡ. ಗಂಡಸು ಅಳುವುದನ್ನು ಅವನು ಎಷ್ಟು ನೋಡಿರುತ್ತಾನೋ.

ಈಗ ಮನೆಯಲ್ಲಿ ನಾನೊಬ್ಬಳೇ. ಇದು ಎಡಗಡೆ ಒದೆಯುತ್ತಿದೆ, ಪೆನ್ನು ಹಿಡಿದ ಕೈ ಅಲುಗುವಷ್ಟು ಜೋರಾಗಿ. ಬರೆದರೆ ಸಾಲದು ಎನ್ನಿಸುತ್ತಿದೆ. ಇದನ್ನು ಮುಗಿಸಿ, ನಿಮ್ಮ ಫೋಟೋ ಇಟ್ಟಿರುವ ಕಡೆ ಹೋಗಿ ನಿಂತು ಬಾಯಿಬಿಟ್ಟು ಹೇಳುತ್ತೇನೆ. ತಲೆ ಆಡಿಸುವುದಿಲ್ಲ. ಮೇಲಿನ ಮನೆಗೆ ಕೇಳಿಸಿದರೂ ಕೇಳಿಸಲಿ.

ನೀವಲ್ಲ, ಮಾವ. ನೀವಲ್ಲ.

ನಿಮ್ಮ ಸೊಸೆ,
ಭಾಗ್ಯ